ಹಣಮೇಶನಿಗೆ ಕೊನೆಗೂ ಸಿಕ್ಕ ದೋಷ

ಎಲ್ಲದಕ್ಕೂ ಕಾರಣ ಒಂದು ಫ್ರಿಜ್.

ಸುರಪುರದ ಚಂದ್ರಾಮಪ್ಪ ತನ್ನ ತಂಗಿ ಸುಮಂಗಲಾಳಿಗೆ ಎರಡು ಬಾಗಿಲಿನ ಹೊಸ ಫ್ರಿಜ್ ಕೊಡಿಸಿದ್ದ. ಭಾನುವಾರ ಸಂಜೆ ಅದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ತಾನೇ ಶಹಾಪುರಕ್ಕೆ ಬರುವುದಾಗಿ ಫೋನು ಮಾಡಿದ್ದ. ಬರುವುದೇನೋ ಬರಲಿ, ಇಡುವುದೆಲ್ಲಿ? ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಫ್ರಿಜ್ ನಿಲ್ಲುವಂಥದ್ದು ಒಂದೇ ಮೂಲೆ. ಆ ಮೂಲೆಯಲ್ಲಿ ಸುಮಂಗಲಾಳ ಗಂಡ ಹಣಮೇಶನ ಹಳೇ ಕಂಪ್ಯೂಟರು ಬಾಣಂತಿಯ ಹಾಗೆ ದುಪ್ಪಟಿ ಹೊದ್ದುಕೊಂಡು ಕೂತಿತ್ತು.

ಹಣಮೇಶ ಊರಿನ ಕಾಲೇಜೊಂದರಲ್ಲಿ ಗುಮಾಸ್ತ. ಕಾಲೇಜಿನವರು ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದ ದಿನ ಒಂದನ್ನು ಎದೆಗವಚಿಕೊಂಡು ಮನೆಗೆ ತಂದಿದ್ದ. ಅದರ ಮಾನಿಟರಿಗೆ ಹಿಂದೆ ಇಷ್ಟು ದೊಡ್ಡ ಡುಬ್ಬ. ಪೆನ್‌ಡ್ರೈವ್ ಚುಚ್ಚಿದರೆ ಅದಕ್ಕೆ ಗುರುತೇ ಸಿಗುವುದಿಲ್ಲ, ಏನಿದ್ದರೂ ಸೀಡಿಯಲ್ಲೇ ಕೊಡಬೇಕು. ಕರೆಂಟು ಹೋದರೆ ಆಸರೆಗೆಂದು ಒಂದು ಯುಪಿಎಸ್ ಇತ್ತು. ಅದರ ಬ್ಯಾಟರಿ ಸತ್ತ ಮೇಲೆ ಸುಮಂಗಲಾ ಅದನ್ನು ಅಂಗಳಕ್ಕೆ ಒಯ್ದು ತುಳಸಿ ಕುಂಡಕ್ಕೆ ಪೀಠ ಮಾಡಿದ್ದಳು.

ಈ ಯಂತ್ರದಿಂದ ಹಣಮೇಶ ಮಾಡುತ್ತಿದ್ದ ಕೆಲಸ ಬಹಳ ದೊಡ್ಡದು ಎಂದು ಹಣಮೇಶನ ನಂಬಿಕೆ. ದೇಶದೇಶಗಳಲ್ಲಿ ಕೂತ ಕೆಲವರು ಸೇರಿ ಒಂದು ಆಪರೇಟಿಂಗ್ ಸಿಸ್ಟಮ್ ತಯಾರಿಸಿ ಜಗತ್ತಿಗೆ ಪುಕ್ಕಟೆ ಹಂಚುತ್ತಾರೆ. ಹೊಸದು ಬಿಡುವ ಮುಂಚೆ, ಅದನ್ನು ಕಂಪ್ಯೂಟರಿಗೆ ಹಾಕಲು ಬೇಕಾದುದನ್ನೆಲ್ಲ ಒಂದು ಗಂಟು ಕಟ್ಟಿ ಇಂಟರ್ನೆಟ್ಟಿನಲ್ಲಿ ಇಡುತ್ತಾರೆ. ಆ ಗಂಟಿಗೆ ಇಮೇಜ್ ಎಂದು ಹೆಸರು. ಹೊಸ ಯಂತ್ರಗಳಿಗೆ ಒಂದು ಇಮೇಜ್, ಹಳೆಯವಕ್ಕೆ ಇನ್ನೊಂದು. ಹಣಮೇಶನಂಥವರು ಅದನ್ನು ತಮ್ಮ ಯಂತ್ರಕ್ಕೆ ಹಾಕಿ ನೋಡಿ, ಎಲ್ಲಿ ತಪ್ಪಿದೆ ಎಂದು ತಿಳಿಸಬೇಕು. ಬಿಡುಗಡೆಯನ್ನೇ ನಿಲ್ಲಿಸುವಂಥ ದೋಷ ಹುಡುಕಿಕೊಟ್ಟರೆ ಧನ್ಯವಾದದ ಪುಟದಲ್ಲಿ ಹೆಸರು ಹಾಕುತ್ತಾರೆ. ಇದಕ್ಕೆ ಸಿಗುವ ಸಂಬಳ ಅಷ್ಟೇ.

ಆ ಸಂಬಳ ಹಣಮೇಶನಿಗೆ ಈವರೆಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅವನ ಕಂಪ್ಯೂಟರು ಎಂಥ ಇಮೇಜ್ ಕೊಟ್ಟರೂ ತಕರಾರಿಲ್ಲದೆ ನುಂಗಿ ಅರಗಿಸಿಕೊಳ್ಳುತ್ತಿತ್ತು. ಕೆಲಸ ಮುಗಿದ ಸೀಡಿಗಳನ್ನು ಸುಮಂಗಲಾ ಮಾಳಿಗೆಯ ಮೇಲೆ ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದಳು. ಸಂಡಿಗೆ ತಿನ್ನಲು ಬರುವ ಮಂಗಗಳು ಅವುಗಳ ಹೊಳಪಿಗೆ ಹೆದರುತ್ತಿದ್ದವು. ಹಣಮೇಶನ ಸಾಧನೆಯಿಂದ ಜಗತ್ತಿಗೆ ಈವರೆಗೆ ಆದ ಉಪಕಾರ ಅದೊಂದೇ.

ಭಾನುವಾರ ಬೆಳಿಗ್ಗೆ ಚಹಾ ಕೊಡುತ್ತ ಸುಮಂಗಲಾ ಮಾತು ತೆಗೆದಳು.

"ರೀ, ಸಂಜಿಕ ಫ್ರಿಜ್ ಬರ್ತದ. ಆ ಮೂಲಿ ಖಾಲಿ ಆಗ್ಬೇಕ ನೋಡ್ರಿ."

"ಇವತ್ತೊಂದ್ ದಿನ ತಡಿ, ಸುಮಂಗಲಾ. ಹಳೇ ಕಂಪ್ಯೂಟರಿನ ಕಡೀ ಇಮೇಜ್ ಬಂದದ. ಇದರ ಮ್ಯಾಲೆ ಹಳೇವಕ್ಕ ಮಾಡೋದೇ ಬಂದ್ ಮಾಡ್ತಾರಂತ. ಸಂಜಿ ಮೀಟಿಂಗಿನ್ಯಾಗ ಬಿಡುಗಡಿ ಮಾಡ್ತಾರ. ಅದರೊಳಗ ನನಗೊಂದ್ ದೋಷ ಸಿಕ್ಕ್ರ ಸಾಕು!"

"ನಾ ಸಗರದ ಸಾಲ್ಯಾಗ ಮಕ್ಕಳು ಪಾಸಾಗ್ಲಿ ಅಂತ ಬಾಯಿ ಬಡ್ಕೋತೀನಿ. ನೀವು ಮನ್ಯಾಗ ಕುಂತು ಫೇಲ್ ಆಗ್ಲಿ, ಫೇಲ್ ಆಗ್ಲಿ ಅಂತೀರಿ!" ಎಂದು ಶಾಲೆಯ ಟೀಚರಾದ ಸುಮಂಗಲಾ ಹಣೆಗೆ ಕೈ ಹಚ್ಚಿದಳು. ಆದರೆ ಗಂಡನ ಮುಖ ನೋಡಿ ಮೆತ್ತಗಾದಳು. "ಆತು. ಆ ಪುಟದಾಗ ನಿಮ್ಮ ಹೆಸರ ಬಂತಂದ್ರ ಈ ಕಂಪ್ಯೂಟರ್ ಪೆಟ್ಟಿಗಿ ಅಲ್ಲೇ ಇರ್ಲಿ, ಇಕ್ಕಟ್ಟಾದ್ರೂ ಆಗ್ಲಿ, ಫ್ರಿಜ್ ನನ್ನ ಮಂಚದ ಬಾಜೂಕ ಇಟ್ಕೋತೀನಿ. ಬರ್ಲಿಲ್ಲಂದ್ರ, ಫ್ರಿಜ್ ಬಂದ ಟಂಟಂನ್ಯಾಗೇ ಪೆಟ್ಟಿಗಿ ಗುಜರಿಗೆ ಹೋಗ್ತದ."

"ಕಬೂಲ್!" ಎಂದ ಹಣಮೇಶ.

ಅಷ್ಟರಲ್ಲಿ ಬಾಗಿಲಲ್ಲಿ ಖಾಜಾಮಿಯಾ ಕಾಣಿಸಿಕೊಂಡ. ಗೋಡೆಗೆ ಗೋಡೆ ಹತ್ತಿದ ಹಿಟ್ಟಿನ ಗಿರಣಿ ಅವನದು. ಹುಬ್ಬಿನ ಮೇಲೂ ಹಿಟ್ಟು, ನಗುವಿನಲ್ಲೂ ಹಿಟ್ಟು. ಕೈಯಲ್ಲಿ ಪೇಢೆಯ ಡಬ್ಬಿ.

"ಹಣಮೇಶ ಸರ್, ಬಾಯಿ ಸಿಹಿ ಮಾಡ್ಕೊಳ್ರಿ. ಗಿರಣಿಗೆ ದೊಡ್ಡ ಮೋಟಾರ್ ಕೂಡಿಸೀನಿ. ಇವತ್ತೇ ಚಾಲೂ. ನೋಡಾಕ ಬರ್ಬೇಕ್ರಿ ನೀವು."

"ಬರ್ತೀನಿ ಚಾಚಾ, ಬರ್ತೀನಿ," ಎಂದು ಹಣಮೇಶ ಪೇಢೆ ಬಾಯಿಗೆ ಹಾಕಿಕೊಂಡು, ಅತ್ತ ತಿರುಗಿಯೂ ನೋಡದೆ ಸೀಡಿಯನ್ನು ಯಂತ್ರದ ಬಾಯಿಗೆ ಹಾಕಿದ.

ಇನ್‌ಸ್ಟಾಲ್ ಶುರುವಾಯಿತು. ಪರದೆಯ ಮೇಲೆ ನೀಲಿ ಗೆರೆಯೊಂದು ಬಲಕ್ಕೆ ತೆವಳತೊಡಗಿತು. ಹಣಮೇಶ ಗಲ್ಲಕ್ಕೆ ಕೈ ಕೊಟ್ಟು ನೋಡುತ್ತ ಕೂತ. ಗೆರೆ ಅರ್ಧ ದಾರಿಗೆ ಬಂದು ನಿಂತಿತು. ಮೌಸ್ ಅಲುಗಾಡಿಸಿದ, ಬಾಣದ ಗುರುತು ಅಲುಗಲಿಲ್ಲ. ಕೀಲಿಗಳನ್ನು ಒತ್ತಿದ, ಏನೂ ಆಗಲಿಲ್ಲ. ಯಂತ್ರ ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿತ್ತು.

"ಸುಮಂಗಲಾ!" ಎಂದು ಹಣಮೇಶ ಮನೆ ಹಾರುವಂತೆ ಕೂಗಿದ.

ರೊಟ್ಟಿ ಬಡಿಯುತ್ತಿದ್ದ ಸುಮಂಗಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನಾತ್ರಿ? ಕರೆಂಟ್ ಹೊಡೀತೇನು?"

"ಕೆಟ್ಟದ! ಪೂರಾ ಕೆಟ್ಟ ನಿಂತದ!" ಎಂದು ಹಣಮೇಶ ಅವಳ ಹಿಟ್ಟಿನ ಕೈ ಹಿಡಿದು ಒಂದು ಸುತ್ತು ಕುಣಿದೇಬಿಟ್ಟ.

ಎದುರು ಮನೆಯ ಮೋನಮ್ಮ ಆಗತಾನೇ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದಳು. ಓಣಿಗೆಲ್ಲ ಹಿರಿಯಳು. ಯಾರ ಮನೆಯಲ್ಲಿ ಗಲಾಟೆಯಾದರೂ ಅಲ್ಲಿ ತಾನಿಲ್ಲದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಡಬ್ಬಿ ಇಳಿಸಿ ಒಳಗೆ ಬಂದಳು.

"ಯಾಕೋ ಹಣಮ್ಯಾ, ಮನ್ಯಾನ ಸಾಮಾನ ಕೆಟ್ಟ್ರ ಕುಣ್ಯಾಕತ್ತೀಯಲ್ಲೋ?"

"ಯವ್ವಾ, ಇದು ಕೆಡ್ಲಿ ಅಂತ ನಾ ಎಷ್ಟ ವರ್ಷದಿಂದ ಕಾಯಾಕತ್ತೀನಿ ಗೊತ್ತೇನು!"

ಮೋನಮ್ಮ ಸುಮಂಗಲಾಳ ಕಡೆ ಮರುಕದಿಂದ ನೋಡಿದಳು. ಅಡುಗೆ ಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಹಣಮೇಶನಿಗೆ ನಿವಾಳಿಸಿದಳು. ಯಾವುದಕ್ಕೂ ಇರಲಿ ಎಂದು ಕಂಪ್ಯೂಟರಿಗೂ ನಿವಾಳಿಸಿದಳು.

ಹಣಮೇಶ ಅದಾವುದನ್ನೂ ಗಮನಿಸದೆ ಮೊಬೈಲಿನಲ್ಲಿ ವರದಿ ಬರೆಯುತ್ತಿದ್ದ. ಪರೀಕ್ಷೆಯ ಕೆಲಸ ನೋಡಿಕೊಳ್ಳುವವಳು ನಾರ್ವೆ ದೇಶದ ಇಂಗ್ರಿಡ್ ಎಂಬ ಹೆಣ್ಣುಮಗಳು. ಯಾರಿಗೆ ಬರೆಯುತ್ತಿ, ಏನು ಬರೆಯುತ್ತಿ ಎಂದು ಮೋನಮ್ಮ ಎಲ್ಲ ಬಿಡಿಸಿ ಕೇಳಿದಳು. ಕೇಳಿ ಮೂಗು ಮುರಿದಳು.

"ಬರೇ ಕೆಟ್ಟದ, ಕೆಟ್ಟದ ಅಂತ ಬರದ್ರ ಹೆಂಗೋ? ಪುಕ್ಕಟ ಕೊಟ್ಟಾರ ಪಾಪ. ಊಟ ಆತೇನವ್ವಾ ಅಂತ ಮೊದಲ ಕೇಳಬ್ಯಾಡೇನು?"

"ಯವ್ವಾ, ಇದ್ರಾಗ ಅದೆಲ್ಲಾ ಕೇಳಂಗಿಲ್ಲ."

"ಯಾಕ, ಅವ್ರು ಉಣ್ಣಂಗಿಲ್ಲೇನು? ಬರಿ ಸುಮ್ಮ!"

ಹಣಮೇಶ ಬರೆದ. ಇಮೇಜ್ ಅರ್ಧದಲ್ಲಿ ನಿಂತಿದೆ, ಊಟವಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸ್ವಲ್ಪ ಹೊತ್ತಿಗೇ ಉತ್ತರ ಬಂತು. "ಇಲ್ಲಿ ಇನ್ನೂ ಬೆಳಗು, ಈಗಷ್ಟೇ ಎದ್ದೆ. ಹೀಗೆ ಕೇಳಿದವರು ನೀವೇ ಮೊದಲು, ಸಂತೋಷ. ಒಮ್ಮೆ ನಿಂತರೆ ಆಕಸ್ಮಿಕ ಇರಬಹುದು. ದಯವಿಟ್ಟು ಇನ್ನೊಮ್ಮೆ ಹಾಕಿ ನೋಡಿ."

ಹಣಮೇಶ ಮತ್ತೊಮ್ಮೆ ಹಾಕಿದ. ಈ ಸಲ ಗೆರೆ ಮೊದಲಿನಷ್ಟು ದೂರವೂ ಹೋಗದೆ ನಿಂತಿತು. ಅದನ್ನೂ ಬರೆದ. ನಾರ್ವೆಯಿಂದ ಬಂದ ಮರು ಉತ್ತರ ಓದಿ ಅವನ ಕಣ್ಣು ತುಂಬಿ ಬಂದವು. "ಇದು ಗಂಭೀರ. ಬಿಡುಗಡೆ ನಿಲ್ಲಿಸಿದ್ದೇವೆ. ಎಲ್ಲರನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದೇನೆ. ನಿಮ್ಮದರಷ್ಟು ಹಳೇ ಯಂತ್ರ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ."

ಓಣಿಗೆ ಸುದ್ದಿ ಹಬ್ಬಿಸಲು ಮೋನಮ್ಮ ಇದ್ದಳು. ಹಣಮ್ಯಾ ಇಡೀ ಜಗತ್ತಿನ ಕಂಪ್ಯೂಟರ್ ನಿಲ್ಲಿಸಿದ್ದಾನೆ ಎಂದು ಅವಳು ಮನೆಮನೆಗೆ ಹೇಳಿ ಬಂದಳು. ಸುಮಂಗಲಾ ಕೂಡ ಅಣ್ಣನಿಗೆ ಫೋನು ಹಚ್ಚಿ, "ಅಣ್ಣಾ, ಫ್ರಿಜ್ ಎಲ್ಲಿಡೋದಂತ ಬಂದ ಮ್ಯಾಲೆ ನೋಡೂಣು, ಇವರ ಹೆಸರ ಬರೂದದ," ಎಂದಳು. ದನಿಯಲ್ಲಿ ಹೆಮ್ಮೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಇಂಥ ಸಂತೋಷದಲ್ಲಿ ಹಣಮೇಶನಿಗೆ ಖಾಜಾಮಿಯಾನ ಕರೆ ನೆನಪಾಯಿತು. ಗಿರಣಿಗೆ ಹೋದ. ಒಂದು ಡಬ್ಬಿ ಬೀಸಿ ಮುಗಿದು ಗಿರಣಿ ನಿಂತಿತ್ತು. ಖಾಜಾಮಿಯಾ ಮಗುವಿನ ಬೆನ್ನು ಸವರುವ ಹಾಗೆ ಹೊಸ ಮೋಟಾರು ಸವರಿ, "ಈಗ ನೋಡ್ರಿ ಸರ್ ಇದರ ದಮ್ಮು!" ಎಂದು ಸ್ವಿಚ್ಚಿನ ಖಟಕಿ ಎತ್ತಿದ.

ಮೋಟಾರು ಗುಡುಗಿತು. ಗಿರಣಿಯ ಕಿಟಕಿಯ ಆಚೆ ಹಣಮೇಶನ ಪಡಸಾಲೆ ಕಾಣುತ್ತಿತ್ತು. ಅಲ್ಲಿ ತಿರುಗುತ್ತಿದ್ದ ಫ್ಯಾನು ಒಮ್ಮೆಲೇ ಸೋತು ರೆಕ್ಕೆ ಎಣಿಸುವಷ್ಟು ನಿಧಾನವಾಯಿತು.

"ಚಾಚಾ, ಒಮ್ಮೆ ಬಂದ್ ಮಾಡ್ರಿ," ಎಂದ ಹಣಮೇಶ. ಫ್ಯಾನು ಚೇತರಿಸಿಕೊಂಡಿತು. "ಚಾಲೂ ಮಾಡ್ರಿ." ಫ್ಯಾನು ಮತ್ತೆ ಸೋತಿತು.

"ಹೆಂಗದ ಸರ್ ಮೋಟಾರು?"

"ಭಾರಿ ಅದ ಚಾಚಾ," ಎಂದ ಹಣಮೇಶ. ಬೆಳಿಗ್ಗೆ ತಿಂದ ಪೇಢೆಯ ರುಚಿ ಅವನ ಬಾಯಲ್ಲಿ ಕಹಿಯಾಗಿ ಹೋಗಿತ್ತು.

ಗಿರಣಿ ಕರೆಂಟು ಎಳೆದದ್ದಕ್ಕೇ ತನ್ನ ಯಂತ್ರ ನಿಂತಿತೇ ಎಂಬ ಅನುಮಾನ ಉಳಿಯಬಾರದೆಂದು ಮಧ್ಯಾಹ್ನ ಖಾಜಾಮಿಯಾ ಗಿರಣಿ ಮುಚ್ಚಿ ನಮಾಜಿಗೂ ಊಟಕ್ಕೂ ಹೋದಾಗ ಹಣಮೇಶ ಮತ್ತೆ ಇಮೇಜ್ ಹಾಕಿದ. ನೀಲಿ ಗೆರೆ ಎಲ್ಲೂ ಎಡವದೆ ಆಚೆ ದಡ ಮುಟ್ಟಿತು. 'ಯಶಸ್ವಿಯಾಗಿ ಮುಗಿಯಿತು' ಎಂದು ಪರದೆಯ ಮೇಲೆ ಬಂತು. ಅಷ್ಟು ದುಃಖದ ಮಾತನ್ನು ಹಣಮೇಶ ಜನ್ಮದಲ್ಲಿ ಓದಿರಲಿಲ್ಲ.

ವಿಷಯ ತಿಳಿದ ಓಣಿ ಅವನಿಗಿಂತ ಹೆಚ್ಚು ಮರುಗಿತು. ಹಣಮೇಶನ ಹೆಸರು ಬರುವುದು ಈಗ ಅವನೊಬ್ಬನ ಮಾತಾಗಿ ಉಳಿದಿರಲಿಲ್ಲ. ಅಷ್ಟರಲ್ಲಿ ಇಂಗ್ರಿಡಳ ಇನ್ನೊಂದು ಪತ್ರ ಬಂದಿತ್ತು. ಮತ್ತೊಮ್ಮೆ ಹಾಕಿ, ಯಂತ್ರ ನಿಂತ ಕೂಡಲೆ ಪರದೆಯ ಮೇಲಿನ ವಿವರವನ್ನೆಲ್ಲ ಫೋಟೋ ತೆಗೆದು ಕಳಿಸಬೇಕೆಂದು ಕೇಳಿದ್ದಳು.

"ಯಂತ್ರ ನಿಲ್ಲಬೇಕಂದ್ರ ಗಿರಣಿ ನಡೀಬೇಕು. ನಡಸ್ರಿ ಖಾಜಾ!" ಎಂದಳು ಮೋನಮ್ಮ.

"ನಡಸೂದೇನ್ರೀ ಯವ್ವಾ, ಬೀಸಾಕ ಏನರ ಇರ್ಬೇಕಲ್ಲ. ಖಾಲಿ ಗಿರಣಿ ನಡಸಾಕ ಬರಂಗಿಲ್ಲ. ಕಲ್ಲಿಗೆ ಕಲ್ಲ ತಿಂದು ಹಾಳಾಗ್ತಾವ," ಎಂದ ಖಾಜಾಮಿಯಾ.

ಮೋನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಯ ಈ ತುದಿಯಿಂದ ಆ ತುದಿಗೆ ಹೋದಳು. ನೋಡನೋಡುತ್ತಿದ್ದಂತೆ ಗಿರಣಿಯ ಮುಂದೆ ಜೋಳದ ಡಬ್ಬಿಗಳು ಸಾಲುಗಟ್ಟಿದವು. ನಿನ್ನೆಯಷ್ಟೇ ಬೀಸಿಕೊಂಡು ಹೋದವರೂ ಬಂದರು. ಜೋಳ ಸಿಗದೆ ಒಬ್ಬಳು ಕಡಲೆಬೇಳೆ ತಂದಳು, ಹಬ್ಬ ಇಲ್ಲದಿದ್ದರೂ ಬೇಸನ್ ಮಾಡಿಟ್ಟರಾಯಿತು ಎಂದಳು. ಗಿರಣಿ ಗುಡುಗಿತು, ಫ್ಯಾನು ಸೋತಿತು, ಹಣಮೇಶನ ಯಂತ್ರ ಒಪ್ಪವಾಗಿ ನಿಂತುಕೊಂಡಿತು. ಓಣಿ ಚಪ್ಪಾಳೆ ತಟ್ಟಿತು. ಹಣಮೇಶ ಕಳ್ಳನ ಮುಖ ಮಾಡಿಕೊಂಡು ಫೋಟೋ ತೆಗೆದು ಕಳಿಸಿದ.

"ಊಟ ಆತೇನಂತ ಕೇಳಿದಿ?" ಎಂದಳು ಮೋನಮ್ಮ.

ಕೇಳಿದ್ದ. ಉತ್ತರವನ್ನು ಓದಿ ಕನ್ನಡದಲ್ಲಿ ಹೇಳಬೇಕಾಯಿತು. "ಇಲ್ಲ ಗೆಳೆಯಾ. ನಿಮ್ಮ ದೋಷ ಹುಡುಕುತ್ತ ಬೆಳಗಿನ ನಾಷ್ಟಾವೂ ಆಗಲಿಲ್ಲ, ಈಗ ಊಟದ ಹೊತ್ತು. ನಮ್ಮವರೆಲ್ಲ ಹೀಗೇ ಕೂತಿದ್ದೇವೆ. ಆದರೂ ಬಿಡುವುದಿಲ್ಲ."

ಗಿರಣಿಯ ಮುಂದಿನ ನಗು ನಿಂತುಹೋಯಿತು. ಮೋನಮ್ಮ ಹಣಮೇಶನ ಎದುರು ಬಂದು ನಿಂತಳು.

"ಹೆಣ್ಮಗಳ್ನ ಉಪಾಸ ಕೆಡವಿ ನಾವಿಲ್ಲಿ ಜ್ವಾಳ ಬೀಸಾಕತ್ತೀವೇನೋ? ಖಾಜಾ, ಬಂದ್ ಮಾಡು ನಿನ್ನ ಗಿರಣಿ! ಹಣಮ್ಯಾ, ಖರೇ ಏನದ ಅಂತ ಬರದು, ಮೊದಲ ಆಕಿಗೆ ಉಣ್ಣಾಕ ಹೇಳು."

ಹಣಮೇಶ ಸುಮಂಗಲಾಳ ಮುಖ ನೋಡಿದ. ಬರೆದರೆ ದೋಷ ಹೋಯಿತು, ಹೆಸರು ಹೋಯಿತು, ಪೆಟ್ಟಿಗೆಯೂ ಹೋಯಿತು. ಸುಮಂಗಲಾ ಹೂಂ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಹಣಮೇಶ ಕೂತು ಬರೆದ. ತಪ್ಪು ನಿಮ್ಮ ಇಮೇಜಿನದಲ್ಲ. ನಮ್ಮ ಪಕ್ಕದಲ್ಲಿ ಖಾಜಾಮಿಯಾ ಅವರ ಹಿಟ್ಟಿನ ಗಿರಣಿ ಇದೆ. ಅದು ಶುರುವಾದರೆ ನಮ್ಮ ಮನೆಯ ಕರೆಂಟು ಇಳಿದು ನನ್ನ ಯಂತ್ರ ನಿಲ್ಲುತ್ತದೆ. ನಿಮಗೆಲ್ಲ ತೊಂದರೆ ಕೊಟ್ಟೆ, ಕ್ಷಮಿಸಿ. ದಯವಿಟ್ಟು ಊಟ ಮಾಡಿ.

ಕಳಿಸಿದ ಮೇಲೆ ಮನಸ್ಸು ಹಗುರಾಯಿತು. ಆದರೆ ಮೂಲೆಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಮಲಗಿದ ಬುದ್ಧನ ಹಾಗೆ ಕಾಣುವ ಊರಿನ ಗುಡ್ಡದ ಹಿಂದೆ ಹೊತ್ತು ಇಳಿಯುವ ವೇಳೆಗೆ ಟಂಟಂ ಬಂತು. ಫ್ರಿಜ್ಜನ್ನು ತಬ್ಬಿ ಹಿಡಿದುಕೊಂಡು ಚಂದ್ರಾಮಪ್ಪ ಹಿಂದೆ ನಿಂತಿದ್ದ. ಹತ್ತಿಗುಡೂರಿನ ದಾರಿಯ ಧೂಳೆಲ್ಲ ಅವನ ಮೈಮೇಲಿತ್ತು, ಫ್ರಿಜ್ಜಿನ ಮೇಲೆ ಒಂದು ಕಣವೂ ಇರಲಿಲ್ಲ.

"ಏನ್ರಿ ಹಣಮೇಶಪ್ಪ, ಹೆಸರ ಬಂತೇನು?" ಎಂದು ಅವನು ದೂರದಿಂದಲೇ ಕೇಳಿದ.

ಹಣಮೇಶ ಟಂಟಂ ಕಡೆ ಹೆಜ್ಜೆ ಇಡುತ್ತಿರುವಾಗ ಕೈಯೊಳಗಿನ ಮೊಬೈಲು ಟಿಣ್ ಎಂದಿತು. ಓದುತ್ತ ಓದುತ್ತ ಅವನ ಮುಖ ಅರಳಿತು.

"ಸುಮಂಗಲಾ! ಯವ್ವಾ! ದೋಷ ಅವರದೇ ಅಂತ!"

ಇಂಗ್ರಿಡ್ ಎಲ್ಲವನ್ನೂ ಬಿಡಿಸಿ ಬರೆದಿದ್ದಳು. ಕರೆಂಟು ಇಳಿದಾಗ ಹಳೇ ಡಿಸ್ಕು ಒಂದು ಕ್ಷಣ ತಡವರಿಸುತ್ತದೆ. ಆಗ ಇಮೇಜ್ ಸ್ವಲ್ಪ ಕಾಯ್ದು ಮತ್ತೆ ಪ್ರಯತ್ನಿಸಬೇಕು. ತಮ್ಮದು ಕಾಯದೆ ಕೈಚೆಲ್ಲಿ ಕೂರುತ್ತಿತ್ತು. ಇದು ಹಾಗೇ ಬಿಡುಗಡೆಯಾಗಿದ್ದರೆ ಎಷ್ಟೋ ಊರುಗಳ ಹಳೇ ಯಂತ್ರಗಳು ನಿಂತುಹೋಗುತ್ತಿದ್ದವು. ನಿಮ್ಮ ಫೋಟೋಗಳಿಂದ ತಿಳಿಯಿತು, ಈಗ ಸರಿಪಡಿಸಿದೆವು, ಕೊನೆಗೂ ಎಲ್ಲರೂ ಊಟಕ್ಕೆ ಕೂತಿದ್ದೇವೆ. ಧನ್ಯವಾದದ ಪುಟ ಈಗತಾನೇ ಹಾಕಿದ್ದೇವೆ, ನೋಡಿ.

"ಉಂಡ್ಳಂತಲ್ಲ ಪಾಪ!" ಎಂದು ಮೋನಮ್ಮ ಕೈ ಮುಗಿದಳು. ಖಾಜಾಮಿಯಾ ಉಳಿದ ಪೇಢೆಗಳನ್ನು ಹಂಚತೊಡಗಿದ. ಸುಮಂಗಲಾ ಟಂಟಂನವನಿಗೆ, "ಫ್ರಿಜ್ ಒಳಗ ಮಂಚದ ಬಾಜೂಕ ಇಳಸ್ರಿ," ಎಂದು ನಗುತ್ತ ಹೇಳಿದಳು. ಹಣಮೇಶ ಪುಟ ತೆರೆದು, ತಾನು ಓದದೆ, ಹೆಂಡತಿಯ ಅಣ್ಣನೇ ಎಲ್ಲರೆದುರು ಓದಲಿ ಎಂದು ಮೊಬೈಲನ್ನು ಚಂದ್ರಾಮಪ್ಪನ ಕೈಗೆ ಕೊಟ್ಟ.

ಚಂದ್ರಾಮಪ್ಪ ಚಾಳೀಸು ಮೂಗಿಗೇರಿಸಿ, ಇಂಗ್ಲಿಷನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸುತ್ತ ಓದಿದ.

"ಈ ದೊಡ್ಡ ದೋಷ ಹುಡುಕಿಕೊಟ್ಟದ್ದಕ್ಕೆ ನಮ್ಮ ಹೃತ್ಪೂರ್ವಕ ಧನ್ಯವಾದ: ಖಾಜಾಮಿಯಾ ಅವರ ಹಿಟ್ಟಿನ ಗಿರಣಿ, ಶಹಾಪುರ."

ಖಾಜಾಮಿಯಾನ ಕೈಯಲ್ಲಿ ಪೇಢೆ ಹಾಗೇ ಉಳಿಯಿತು.

"ಇನ್ನೂ ಅದ," ಎಂದು ಚಂದ್ರಾಮಪ್ಪ ಮುಂದೆ ಓದಿದ. "ಹಳೇ ಕಂಪ್ಯೂಟರಿನ ಇಮೇಜ್ ನಿಲ್ಲಿಸುವ ವಿಚಾರ ಕೈಬಿಟ್ಟಿದ್ದೇವೆ. ಇನ್ನು ಮುಂದೆ ಪ್ರತಿಯೊಂದು ಇಮೇಜನ್ನೂ ಈ ಗಿರಣಿ ನಡೆಯುತ್ತಿರುವಾಗಲೇ ಪರೀಕ್ಷಿಸಲಾಗುವುದು."

ಸುಮಂಗಲಾ ಮೊಬೈಲು ಇಸಿದುಕೊಂಡು ಪುಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. ಪಾಪ, ಮನಸ್ಸಿಟ್ಟೇ ಹುಡುಕಿದಳು.

"ನಿಮ್ಮ ಹೆಸರ ಎಲ್ಲೂ ಇಲ್ಲಲ್ರೀ..." ಎಂದಳು. ಆಮೇಲೆ ಟಂಟಂನವನ ಕಡೆ ತಿರುಗಿ, "ತಡೀರಿ, ಫ್ರಿಜ್ ಆ ಮೂಲ್ಯಾಗ ಇಡ್ರಿ," ಎಂದಳು.

ಪೆಟ್ಟಿಗೆಯನ್ನು ಗುಜರಿಗೆ ಒಯ್ಯಲು ಮಾತ್ರ ಖಾಜಾಮಿಯಾ ಬಿಡಲಿಲ್ಲ. "ದುನಿಯಾದಾಗ ನನ್ನ ಹೆಸರ ತಂದ ಪೆಟ್ಟಿಗಿರೀ ಅದು! ನನ್ನ ಗಿರಣ್ಯಾಗೇ ಇರ್ಲಿ," ಎಂದು ತಾನೇ ಎರಡೂ ಕೈಯಲ್ಲಿ ಎತ್ತಿಕೊಂಡ. ಜೋಳದ ಡಬ್ಬಿಗಳ ನಡುವೆ ಜಾಗ ಮಾಡಿ ಅದನ್ನು ಕೂಡಿಸಿದರು. ಮೋನಮ್ಮ ಮತ್ತೊಮ್ಮೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಹಣಮೇಶ ಹಿಂದೆ ಹಿಂದೆ ಹೋಗಿ ವೈರುಗಳನ್ನು ಜೋಡಿಸಿದ. ಏನೇ ಆಗಲಿ, ಯಂತ್ರ ಉಳಿಯಿತಲ್ಲ, ಗೋಡೆಯಾಚೆಯೇ ಇದೆಯಲ್ಲ ಎಂದು ಅವನ ಮನಸ್ಸು ತಣ್ಣಗಾಗುತ್ತಿತ್ತು.

ಹೊರಡುವಾಗ ಖಾಜಾಮಿಯಾ ಅವನ ಹೆಗಲಿನ ಮೇಲೆ ಹಿಟ್ಟಿನ ಕೈ ಇಟ್ಟ.

"ಸರ್, ಮುಂದಿನ ಸಲ ಟೆಸ್ಟಿಗೆ ಬರೂಮುಂದ ಒಂದ್ ಡಬ್ಬಿ ಜ್ವಾಳ ಹೊತ್ಕೊಂಡ ಬರ್ರಿ. ನಿಮಗ ಗೊತ್ತದಲ್ಲ, ಖಾಲಿ ಗಿರಣಿ ನಡಸಾಕ ಬರಂಗಿಲ್ಲ."